ವಿಕ್ಟೋರಿಯಾ ಕಾಲದ ಇಂಗ್ಲಿಷ್ ಗ್ರಾಮೀಣ ಪ್ಯಾರಿಷ್

ಒಂದು ಚರ್ಚು, ಅದರ ಪಾದ್ರಿ, ಅವರ ಆರೈಕೆಗೆ ಸೇರಿದ ಊರುಕೇರಿಗಳು: ಇಷ್ಟರ ಎಲ್ಲೆಯನ್ನು ಇಂಗ್ಲೆಂಡಿನಲ್ಲಿ ಪ್ಯಾರಿಷ್ ಎನ್ನುತ್ತಾರೆ. ಶತಮಾನಗಳ ಕಾಲ ಇದೇ ಎಲ್ಲೆಯೊಳಗೆ ಸ್ಥಳೀಯ ಆಡಳಿತವೂ ನಡೆಯುತ್ತಿತ್ತು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ (1837–1901) ಗ್ರಾಮೀಣ ಪ್ಯಾರಿಷ್ ಎಂದರೆ ಬಳ್ಳಿ ಹಬ್ಬಿದ ಗೋಪುರ, ಜಮೀನ್ದಾರನ ಬಂಗಲೆ, ಭಾನುವಾರದ ಗಂಟೆ, ಎಂದೂ ಬದಲಾಗದ ಬದುಕು ಎಂಬ ಚಿತ್ರ ಕಾದಂಬರಿಗಳಿಂದಲೂ ಚಲನಚಿತ್ರಗಳಿಂದಲೂ ನೆಲೆಯೂರಿದೆ. ದಾಖಲೆಗಳು ಹೇಳುವುದು ಬೇರೆ. ಆ ಅರವತ್ತು ಚಿಲ್ಲರೆ ವರ್ಷಗಳಲ್ಲಿ ಪ್ಯಾರಿಷ್ ತನ್ನ ಕಾನೂನುಬದ್ಧ ಅಧಿಕಾರವನ್ನು ಒಂದೊಂದಾಗಿ ಕಳೆದುಕೊಂಡಿತು. ಆ ಜಾಗವನ್ನು ಶಾಲೆ, ಸಹಾಯನಿಧಿ, ಸುಗ್ಗಿ ಹಬ್ಬಗಳಂಥ ಚಂದಾಹಣದ ಸಂಸ್ಥೆಗಳು ತುಂಬಿದವು. ಪುರಾತನವೆಂದು ತೋರುವ ಎಷ್ಟೋ ಸಂಗತಿಗಳು ಹುಟ್ಟಿದ್ದೇ ಆಗ.

ಕಳೆದುಕೊಂಡದ್ದು ಏನೆಂದು ತಿಳಿಯಲು ಹಳೆಯ ವ್ಯವಸ್ಥೆಯನ್ನು ನೋಡಬೇಕು. ತೆರಿಗೆ ಕಟ್ಟುವವರ ಸಭೆಗೆ ವೆಸ್ಟ್ರಿ ಎಂದು ಹೆಸರು; ಪಾದ್ರಿಯೇ ಅಧ್ಯಕ್ಷ. ಚರ್ಚಿನ ಕಟ್ಟಡಕ್ಕೆ ಚರ್ಚ್‌ವಾರ್ಡನ್‌ಗಳು, ಬಡವರ ಪೋಷಣೆಗೆ ಓವರ್‌ಸೀಯರ್‌ಗಳು, ರಸ್ತೆಗೊಬ್ಬ ಸರ್ವೇಯರ್, ಶಾಂತಿಪಾಲನೆಗೊಬ್ಬ ಕಾನ್‌ಸ್ಟೇಬಲ್ ಇದ್ದರು. ಬಹುಮಟ್ಟಿಗೆ ಊರಿನ ರೈತರೇ ಸರದಿಯಂತೆ ಈ ಹೊಣೆ ಹೊರುತ್ತಿದ್ದರು. 1601ರ ಕಾಯಿದೆಯಂತೆ ತನ್ನ ಬಡವರನ್ನು ತಾನೇ ಸಾಕುವುದು ಪ್ಯಾರಿಷ್‌ನ ಕರ್ತವ್ಯ. 1538ರಿಂದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡುವುದೂ ಅಲ್ಲೇ. 1813ರಿಂದ ಈ ಪುಸ್ತಕಗಳು ಅಚ್ಚಾದ ನಮೂನೆಯಲ್ಲಿ ಬಂದವು. ದೀಕ್ಷಾಸ್ನಾನದ ಪುಟವೊಂದರಲ್ಲಿ ಎಂಟು ಮಕ್ಕಳಿಗೆ ಜಾಗ. ಪ್ರತಿ ಮಗುವಿನ ಎದುರು ತಂದೆತಾಯಿಯ ಹೆಸರು, ವಾಸದ ಊರು, ತಂದೆಯ ಕಸುಬು. ಹಳ್ಳಿಯ ಪುಸ್ತಕಗಳಲ್ಲಿ ಆ ಕಸುಬಿನ ಅಂಕಣದ ಉದ್ದಕ್ಕೂ ‘ಕೂಲಿ’ ಎಂಬ ಒಂದೇ ಪದ ಸಾಲುಗಟ್ಟುತ್ತದೆ.

ಮೊದಲ ಪೆಟ್ಟು, ರಾಣಿ ಪಟ್ಟಕ್ಕೇರುವ ತುಸು ಮೊದಲೇ, ಬಿದ್ದದ್ದು ಬಡವರ ಪೋಷಣೆಯ ಮೇಲೆ. 1834ರ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 15,000 ಪ್ಯಾರಿಷ್‌ಗಳನ್ನು ಸುಮಾರು 600 ಒಕ್ಕೂಟಗಳಾಗಿ ಕೂಡಿಸಿ, ಪ್ರತಿ ಒಕ್ಕೂಟಕ್ಕೂ ಚುನಾಯಿತ ಪಾಲಕ ಮಂಡಳಿ ಮತ್ತು ನಿರ್ಗತಿಕರನ್ನು ಇರಿಸಿಕೊಂಡು ದುಡಿಸುವ ವರ್ಕ್‌ಹೌಸ್ ಇರಬೇಕೆಂದಿತು. ಆದರೆ ಕಾಯಿದೆ ಅಧಿಕಾರವನ್ನು ಕಿತ್ತುಕೊಂಡಿತೇ ಹೊರತು ಖರ್ಚನ್ನಲ್ಲ. ತನ್ನ ಬಡವರ ವೆಚ್ಚವನ್ನು ಪ್ರತಿ ಪ್ಯಾರಿಷ್ 1865ರವರೆಗೂ ಪ್ರತ್ಯೇಕವಾಗಿ ಭರಿಸಬೇಕಿತ್ತು. ಇದರ ಪರಿಣಾಮ ಕ್ರೂರವಾಗಿತ್ತು. ಒಬ್ಬಿಬ್ಬರು ಒಡೆಯರ ಕೈಯಲ್ಲಿದ್ದ ‘ಮುಚ್ಚಿದ’ ಪ್ಯಾರಿಷ್‌ಗಳಲ್ಲಿ ಕೂಲಿಕಾರರ ಮನೆಗಳನ್ನು ಕೆಡವಿದರು, ಇಲ್ಲವೇ ಹೊಸದಾಗಿ ಕಟ್ಟಗೊಡಲಿಲ್ಲ. ಕೂಲಿಕಾರ ನೆಲೆಸದಿದ್ದರೆ ಮುಂದೆ ಅವನನ್ನು ಸಾಕುವ ಹೊರೆಯೂ ಬೀಳದು ಎಂಬ ಲೆಕ್ಕ. ಜನ ನಾರ್ಫೋಕ್‌ನ ಕ್ಯಾಸಲ್ ಏಕರ್‌ನಂಥ ‘ತೆರೆದ’ ಊರುಗಳಲ್ಲಿ ಕಿಕ್ಕಿರಿದರು. ಅಲ್ಲಿಂದ ಹೆಂಗಸರು, ಮಕ್ಕಳು ಮೇಸ್ತ್ರಿಯ ಹಿಂದೆ ತಂಡ ಕಟ್ಟಿಕೊಂಡು ಪಕ್ಕದ ಪ್ಯಾರಿಷ್‌ಗಳ ಹೊಲಗಳಿಗೆ ಮೈಲಿಗಟ್ಟಲೆ ನಡೆದು ಹೋಗುತ್ತಿದ್ದರು. ಈ ತಂಡಗಳನ್ನು ಹತೋಟಿಗೆ ತರಲು ಪಾರ್ಲಿಮೆಂಟು 1867ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಉಳಿದ ಅಧಿಕಾರಗಳು ಹೋದದ್ದು ಇಷ್ಟು ಸದ್ದಿಲ್ಲದೆ: 1836ರಲ್ಲಿ ಪಾದ್ರಿಯ ದಶಮಾಂಶ ಹುಲ್ಲು, ಹಂದಿಮರಿಗಳ ರೂಪ ಬಿಟ್ಟು ಏಳು ವರ್ಷಗಳ ಧಾನ್ಯದ ಸರಾಸರಿ ಬೆಲೆಗೆ ತಳುಕುಹಾಕಿದ ಹಣವಾಯಿತು; 1837ರಲ್ಲಿ ಸರ್ಕಾರಿ ಜನನ–ಮರಣ ನೋಂದಣಿ ಬಂತು; 1856ರ ಹೊತ್ತಿಗೆ ಕೌಂಟಿ ಪೊಲೀಸ್ ಕಡ್ಡಾಯವಾಯಿತು; 1868ರಲ್ಲಿ ಕಡ್ಡಾಯ ಚರ್ಚ್ ತೆರಿಗೆ ರದ್ದಾಯಿತು.

ಅಧಿಕಾರ ನಿಜಕ್ಕೂ ಕೈಬದಲಾಯಿಸಲಿಲ್ಲ, ಹಳೆಯ ಒಡೆಯರೇ ಹೊಸ ಕುರ್ಚಿಯಲ್ಲಿ ಕುಳಿತರು ಎಂಬ ವಾದವಿದೆ. ಅದರಲ್ಲಿ ಹುರುಳಿದೆ. ಪಾಲಕ ಮಂಡಳಿಗಳಲ್ಲಿ ತುಂಬಿದ್ದವರು ದೊಡ್ಡ ಗೇಣಿದಾರರು. ಸ್ಥಳೀಯ ಮ್ಯಾಜಿಸ್ಟ್ರೇಟರಿಗೆ ಚುನಾವಣೆಯಿಲ್ಲದೆಯೇ ಸ್ಥಾನ. ಆಸ್ತಿಗೆ ತಕ್ಕಂತೆ ಒಬ್ಬನಿಗೆ ಆರು ಮತಗಳವರೆಗೂ ಅವಕಾಶ. ಆದರೆ ವರ್ಗ ಅದೇ ಆಗಿದ್ದರೂ ಸಂಬಂಧ ಅದೇ ಆಗಿರಲಿಲ್ಲ. ಮೊದಲು ನೆರವು ಕೇಳುವವನು ಮುಖಪರಿಚಯದ ನೆರೆಯವರ ಮುಂದೆ ನಿಲ್ಲುತ್ತಿದ್ದ, ಅವಮಾನವೋ ಅನುಕಂಪವೋ ಅಲ್ಲೇ ತೀರ್ಮಾನವಾಗುತ್ತಿತ್ತು. ಈಗ ದೂರದ ಪೇಟೆಯಲ್ಲಿ ಕೂರುವ ಮಂಡಳಿ, ಲಂಡನ್ನಿನ ನಿಯಮಗಳು, ಸಂಬಳದ ಅಧಿಕಾರಿ.

ಹಾಗಾದರೆ ಚರ್ಚು ಊರಿನಿಂದ ಹಿಂದೆ ಸರಿಯಿತೇ? ಇಲ್ಲ. ಹದಿನೆಂಟನೇ ಶತಮಾನದಲ್ಲಿ ಹಲವು ಪ್ಯಾರಿಷ್‌ಗಳ ಆದಾಯ ಪಡೆಯುತ್ತ ಯಾವುದರಲ್ಲೂ ವಾಸಿಸದ ಪಾದ್ರಿಗಳಿಗೆ ಬರವಿರಲಿಲ್ಲ. 1838ರ ಕಾಯಿದೆ ಅದಕ್ಕೆ ಕಡಿವಾಣ ಹಾಕಿತು. ಹೀಗೆ ಅಧಿಕಾರ ಕರಗುತ್ತಿದ್ದಂತೆಯೇ ಪಾದ್ರಿ ಊರಲ್ಲಿ ಕಾಣಸಿಗತೊಡಗಿದರು. ಚರ್ಚುಗಳ ದುರಸ್ತಿಯಾಯಿತು, ಗ್ಯಾಲರಿಯ ಪಿಟೀಲು ವಾದಕರನ್ನು ಇಳಿಸಿ ಆರ್ಗನ್ ತಂದರು. ಇಂದು ಸನಾತನವೆಂಬಂತೆ ಆಚರಿಸುವ ಚರ್ಚಿನ ಸುಗ್ಗಿ ಹಬ್ಬಕ್ಕೆ ಈಗಿನ ರೂಪ ಕೊಟ್ಟವರು ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್, 1843ರಲ್ಲಿ.

ಪಾದ್ರಿಗಳ ಈ ಹೊಸ ಚಟುವಟಿಕೆಗೆ ಸಫೋಕ್‌ನ ಹಿಚಮ್ ತುಂಬು ನಿದರ್ಶನ. ಚಾರ್ಲ್ಸ್ ಡಾರ್ವಿನ್ನನ ಗುರು, ಸಸ್ಯವಿಜ್ಞಾನಿ ಜಾನ್ ಸ್ಟೀವನ್ಸ್ ಹೆನ್ಸ್ಲೋ 1837ರಿಂದ 1861ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿನ ರೆಕ್ಟರ್, ಎಂದರೆ ಪ್ಯಾರಿಷ್ ಪಾದ್ರಿ. ಶಾಲೆ ತೆರೆದರು, ಕೂಲಿಕಾರರ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸಿದರು. ಆ ತರಗತಿಗೆ ಸೇರಲು ಮಕ್ಕಳು ಮೊದಲು ಕಷ್ಟದ ಶಾಸ್ತ್ರೀಯ ಪದಗಳನ್ನು ತಪ್ಪಿಲ್ಲದೆ ಬರೆಯಬೇಕಿತ್ತು. ಆಮೇಲೆ ಹೊಲದ ಬದುಗಳಿಂದ ತಾವೇ ಗಿಡ ತಂದು, ಬಿಡಿಸಿ, ಹೆಸರಿಡಬೇಕು. ತೋಟಗಾರಿಕೆ ಪ್ರದರ್ಶನ, ರೈಲು ಪ್ರವಾಸಗಳೂ ನಡೆದವು. ಕೂಲಿಕಾರರು ತರಕಾರಿ ಬೆಳೆದುಕೊಳ್ಳಲೆಂದು ತುಂಡು ಭೂಮಿ ಹಂಚಿದಾಗ ಮಾತ್ರ ರೈತರು ಸಿಡಿದೆದ್ದರು: ತುಂಡು ಪಡೆದವನಿಗೆ ಕೆಲಸ ಕೊಡಬಾರದೆಂದು ಒಪ್ಪಂದ ಮಾಡಿಕೊಂಡರು. ಹೆನ್ಸ್ಲೋ ಜಗ್ಗಲಿಲ್ಲ.

ಹೆನ್ಸ್ಲೋ ಅಪವಾದ, ಒಂದು ಪ್ಯಾರಿಷ್‌ನಿಂದ ಎಲ್ಲವನ್ನೂ ಅಳೆಯಲಾಗದು ಎನ್ನುವುದು ಸರಿ. ಅವರಷ್ಟು ವಿದ್ವತ್ತು, ಅವರಿಗಿದ್ದ ಒಳ್ಳೆಯ ವರಮಾನ ಎಲ್ಲ ಪಾದ್ರಿಗಳಿಗೂ ಇರಲಿಲ್ಲ. ಆದರೆ ಅವರು ಬಳಸಿದ ಶಾಲೆ, ಸಂಘ, ಪ್ರದರ್ಶನಗಳೆಂಬ ಸಾಧನಗಳು ಎಲ್ಲೆಡೆಯೂ ಇದ್ದಂಥವೇ. ಈ ಸಾಧನಗಳ ಮಿತಿಯೂ ಎಲ್ಲೆಡೆ ಒಂದೇ: ಯಾರನ್ನೂ ಬಲವಂತಪಡಿಸಲಾಗದು, ಎಲ್ಲರನ್ನೂ ಒಳಗೊಳ್ಳಲೂ ಆಗದು. 1851ರ ಮಾರ್ಚ್ 30ರ ಧಾರ್ಮಿಕ ಗಣತಿಯಲ್ಲಿ ಆರಾಧನೆಗೆ ಬಂದವರ ಪೈಕಿ ಅರ್ಧದಷ್ಟು ಜನ ಆಂಗ್ಲಿಕನ್ ಚರ್ಚಿನ ಹೊರಗಿನವರೆಂದು ಬಯಲಾಯಿತು. ಕೂಲಿಕಾರನಿಗೆ ಸಭೆಯಲ್ಲಿ ಎದ್ದು ಮಾತಾಡುವುದನ್ನು ಕಲಿಸಿದ್ದು ಹೆಚ್ಚಾಗಿ ಹೀಗೆ ಹೊರಗಿದ್ದ ಮೆಥಡಿಸ್ಟ್ ಪಂಥದ ಚಾಪೆಲ್ (ಪ್ರಾರ್ಥನಾಮಂದಿರ). 1872ರಲ್ಲಿ ಕೃಷಿ ಕೂಲಿಕಾರರ ರಾಷ್ಟ್ರೀಯ ಸಂಘ ಕಟ್ಟಿದ ಜೋಸೆಫ್ ಆರ್ಚ್ ಅಂಥ ಚಾಪೆಲ್‌ನ ಬೋಧಕರೇ. ಪಾದ್ರಿಗಳಲ್ಲಿ ಹೆಚ್ಚಿನವರು ಆಗ ರೈತರ ಪರ ನಿಂತರು, ಇಲ್ಲವೇ ಸುಮ್ಮನಿದ್ದರು. ಡೆವನ್‌ನ ಹಾಲ್ಬರ್ಟನ್‌ನಲ್ಲಿ ಪಾದ್ರಿ ಎಡ್ವರ್ಡ್ ಗರ್ಡಲ್‌ಸ್ಟನ್ 1860ರ ದಶಕದಲ್ಲೇ ಅರೆಹೊಟ್ಟೆಯ ಕುಟುಂಬಗಳನ್ನು ಹೆಚ್ಚು ಕೂಲಿ ಸಿಗುವ ಉತ್ತರಕ್ಕೆ ಕಳುಹಿಸಿ ರೈತರ ದ್ವೇಷ ಕಟ್ಟಿಕೊಂಡಿದ್ದರು, ಅಂಥವರು ವಿರಳ.

1884ರಲ್ಲಿ ಹಳ್ಳಿಯ ಕೂಲಿಕಾರ ಗೃಹಸ್ಥರಿಗೆ ಪಾರ್ಲಿಮೆಂಟಿನ ಮತ ಸಿಕ್ಕಿತು. ಮರುವರ್ಷ ಆರ್ಚ್ ಸಂಸದರಾದರು. ಕೊನೆಗೆ 1894ರ ಕಾಯಿದೆ ಗ್ರಾಮೀಣ ವೆಸ್ಟ್ರಿಯ ಲೌಕಿಕ ಅಧಿಕಾರಗಳನ್ನು ಚುನಾಯಿತ ಪ್ಯಾರಿಷ್ ಮಂಡಳಿಗಳಿಗೆ, ತೀರ ಸಣ್ಣ ಊರುಗಳಲ್ಲಿ ಪ್ಯಾರಿಷ್ ಸಭೆಗೆ ವರ್ಗಾಯಿಸಿತು. ಮಹಿಳೆಯರೂ ಸ್ಪರ್ಧಿಸಬಹುದಿತ್ತು. ಆ ಡಿಸೆಂಬರಿನ ಮೊದಲ ಚುನಾವಣೆಯಲ್ಲಿ ಪಾದ್ರಿಗೆ ಹುದ್ದೆಯ ಬಲದಿಂದಲೇ ಸಿಗುವ ಕುರ್ಚಿಯಿರಲಿಲ್ಲ. ಬೇಕಿದ್ದರೆ ಅವರೂ ಊರಿನವರ ಮುಂದೆ ಮತ ಕೇಳಬೇಕಿತ್ತು.