ಇಂಗ್ಲಿಷಿನ ಕಾರ್ಯಸಾಧಕ ಕ್ರಿಯಾಪದಗಳು ಮತ್ತು ಸಾಮಾನ್ಯ ವರ್ತಮಾನಕಾಲ

ಉಚ್ಚರಿಸಿದ ಮಾತೇ ಕೆಲಸವಾಗಿ ಪರಿಣಮಿಸುವ ಕ್ರಿಯಾಪದಗಳೇ ಕಾರ್ಯಸಾಧಕ ಕ್ರಿಯಾಪದಗಳು. ‘ಐ ಪ್ರಾಮಿಸ್’ ಎಂದೊಡನೆ ವಚನ ಕೊಟ್ಟಂತಾಯಿತು, ‘ಐ ಅಪಾಲಜೈಸ್’ ಎಂದೊಡನೆ ಕ್ಷಮೆ ಕೇಳಿದಂತಾಯಿತು. ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಇವನ್ನು ವಿವರವಾಗಿ ಚರ್ಚಿಸಿದರು. ಅವರ ಮರಣಾನಂತರ, 1962ರಲ್ಲಿ, ಆ ಉಪನ್ಯಾಸಗಳು ಪುಸ್ತಕವಾಗಿ ಬಂದವು.

ಇಂಗ್ಲಿಷಿನಲ್ಲಿ ಈ ಕ್ಷಣ ನಡೆಯುತ್ತಿರುವ ಕೆಲಸಕ್ಕೆ ಸಾಮಾನ್ಯವಾಗಿ ‘ಇಂಗ್’ ರೂಪ ಬೇಕು; ಸಾಮಾನ್ಯ ವರ್ತಮಾನ ಹೆಚ್ಚಾಗಿ ರೂಢಿಯನ್ನು ಹೇಳುತ್ತದೆ. ಕಾರ್ಯಸಾಧಕ ಬಳಕೆ ಇದಕ್ಕೆ ಗಮನಾರ್ಹ ಅಪವಾದ. ಮಾತು ಮುಗಿಯುವಷ್ಟರಲ್ಲಿ ಕೆಲಸವೂ ಮುಗಿಯುವುದರಿಂದ, ಮುಂದುವರಿಯುತ್ತಿದೆ ಎನ್ನಲು ಏನೂ ಉಳಿಯುವುದಿಲ್ಲ. ‘ಐ ಆಮ್ ರಿಸೈನಿಂಗ್’ ರಾಜೀನಾಮೆಯ ಸುದ್ದಿ ಹೇಳುತ್ತದೆ. ‘ಐ ರಿಸೈನ್’ ಎಂಬುದೇ ರಾಜೀನಾಮೆ. ಭೂತಕಾಲದ ‘ಐ ರಿಸೈನ್ಡ್’, ಪ್ರಥಮ ಪುರುಷದ ‘ಹಿ ರಿಸೈನ್ಸ್’ ಕೂಡ ಬರಿಯ ವರದಿಗಳು.

ಕ್ರಿಯಾಪದಕ್ಕೆ ಮೊದಲು ‘ಹಿಯರ್‌ಬೈ’ (‘ಈ ಮೂಲಕ’) ಸಲೀಸಾಗಿ ಕೂತರೆ ಅದು ಕಾರ್ಯಸಾಧಕ ಎಂಬುದು ಉಪಯುಕ್ತ ಪರೀಕ್ಷೆ. ಉತ್ತಮ ಪುರುಷವೇ ಬೇಕೆಂದಿಲ್ಲ: ‘ಪ್ಯಾಸೆಂಜರ್ಸ್ ಆರ್ ರಿಕ್ವೆಸ್ಟೆಡ್’ ಎಂಬ ಕರ್ಮಣಿ ಪ್ರಯೋಗದ ಪ್ರಕಟಣೆಯೂ ಕೋರಿಕೆಯೇ. ಆದರೆ ವ್ಯಾಕರಣವೊಂದೇ ಸಾಲದು. ಹುದ್ದೆಯಲ್ಲಿಲ್ಲದವನು ‘ಐ ರಿಸೈನ್’ ಎಂದರೆ ಏನೂ ನಡೆಯದು.