ಕೊಪ್ಪಳ ಜಿಲ್ಲೆಯಲ್ಲಿ ಕ್ಯಾರವಾನ್ ಪ್ರವಾಸ ಮತ್ತು ಚಾರಣ

ಕೊಪ್ಪಳ ಜಿಲ್ಲೆಯಲ್ಲಿ ಕ್ಯಾರವಾನ್ ಪ್ರವಾಸ ಮತ್ತು ಚಾರಣ ಎಂಬುದು ಕರ್ನಾಟಕದ ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗಗಳಲ್ಲಿ ವಾಸಕ್ಕೆ ಅನುಕೂಲವಿರುವ ವಾಹನದಲ್ಲಿ ಸಂಚರಿಸಿ, ಬೆಟ್ಟಗುಡ್ಡ ಮತ್ತು ಸ್ಮಾರಕಗಳನ್ನು ಕಾಲ್ನಡಿಗೆಯಲ್ಲಿ ನೋಡಿ, ಶಿಬಿರ ಹೂಡಿ ತಂಗುವ ಪ್ರವಾಸಕ್ರಮವಾಗಿದೆ. ಉದ್ಯೋಗದಿಂದ ನಿವೃತ್ತರಾದ ದಂಪತಿಗಳು ಮನೆಯನ್ನು ಬಿಟ್ಟು ತಿಂಗಳುಗಟ್ಟಲೆ ವಾಹನದಲ್ಲಿಯೇ ಬಾಳುವ ಪದ್ಧತಿ ಅಮೆರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಬೇರೂರಿದೆ. ಅಂಥ ನಿಧಾನಗತಿಯ ಪ್ರವಾಸಕ್ಕೆ ಬೇಕಾದ ತಗ್ಗು ಬೆಟ್ಟಗಳು, ನದಿತೀರ, ಪ್ರಾಚೀನ ನೆಲೆಗಳು ಮತ್ತು ಹೆದ್ದಾರಿ ಸಂಪರ್ಕ ಈ ಜಿಲ್ಲೆಯಲ್ಲಿ ಒಟ್ಟಾಗಿ ದೊರೆಯುತ್ತವೆ. ಆದರೆ ಹಗಲಿನ ನಡಿಗೆಗೆ ತೆರೆದಿರುವ ಅನೇಕ ಸ್ಥಳಗಳು ರಾತ್ರಿಯ ವಾಸ್ತವ್ಯಕ್ಕೆ ತೆರೆದಿಲ್ಲ. ಪರಂಪರೆ ಸಂರಕ್ಷಣೆಯ ಕಾನೂನು, ವನ್ಯಜೀವಿಗಳ ಸಂಚಾರ ಮತ್ತು ತುಂಗಭದ್ರೆಯ ನೀರಿನ ಮಟ್ಟ ಇಲ್ಲಿನ ಶಿಬಿರವಾಸದ ಮಿತಿಗಳನ್ನು ನಿರ್ಧರಿಸುತ್ತವೆ.

ಹಿನ್ನೆಲೆ

ವಾಹನವನ್ನೇ ಮನೆ ಮಾಡಿಕೊಳ್ಳುವ ಕಲ್ಪನೆ ಉತ್ತರ ಕರ್ನಾಟಕಕ್ಕೆ ಸಂಪೂರ್ಣ ಹೊಸದಲ್ಲ. ಟ್ರ್ಯಾಕ್ಟರು ಮತ್ತು ಬಸ್ಸುಗಳು ಬರುವುದಕ್ಕೆ ಮೊದಲು ಸವದತ್ತಿ ಯಲ್ಲಮ್ಮ, ಹುಲಿಗಿ ಹುಲಿಗೆಮ್ಮ ಮೊದಲಾದ ಜಾತ್ರೆಗಳಿಗೆ ಕುಟುಂಬಗಳು ಕಮಾನು ಕಟ್ಟಿದ ಸವಾರಿ ಬಂಡಿಗಳಲ್ಲಿ ಹೊರಡುತ್ತಿದ್ದವು. ಬಂಡಿಯಲ್ಲಿ ಬುತ್ತಿ, ಹಾಸಿಗೆ ಮತ್ತು ಎತ್ತುಗಳ ಮೇವು ಇರುತ್ತಿದ್ದವು. ಬಂಡಿ ಬಿಟ್ಟ ಬಯಲಿನಲ್ಲಿಯೇ ಅಡುಗೆ ಮತ್ತು ನಿದ್ರೆ ನಡೆಯುತ್ತಿದ್ದವು. ಯುಗಾದಿಯ ಸಮಯದಲ್ಲಿ ಶ್ರೀಶೈಲದ ಮಲ್ಲಿಕಾರ್ಜುನನ ದರ್ಶನಕ್ಕೆ ಈ ಭಾಗದ ಭಕ್ತರು ಕೈಗೊಳ್ಳುವ ಪಾದಯಾತ್ರೆ ಇಂದಿಗೂ ಮುಂದುವರಿದಿದ್ದು, ಅದರಲ್ಲಿ ವಯಸ್ಸಾದವರೂ ಪಾಲ್ಗೊಳ್ಳುತ್ತಾರೆ. ಜಿಲ್ಲೆಯ ಕುರಿಗಾರ ಕುಟುಂಬಗಳು ಮೇವು ಮತ್ತು ನೀರನ್ನು ಅರಸಿ ಮಂದೆಗಳೊಂದಿಗೆ ವರ್ಷದ ಹಲವು ತಿಂಗಳು ಊರಿಂದೂರಿಗೆ ಸಾಗುತ್ತವೆ. ರೈತರ ಹೊಲಗಳಲ್ಲಿ ಮಂದೆ ನಿಲ್ಲಿಸಿ, ಗೊಬ್ಬರಕ್ಕೆ ಪ್ರತಿಯಾಗಿ ಧಾನ್ಯ ಅಥವಾ ಹಣ ಪಡೆಯುವುದು ಈ ಬದುಕಿನ ಭಾಗವಾಗಿದೆ.

ಪಾಶ್ಚಾತ್ಯ ದೇಶಗಳಲ್ಲಿ ಈ ಜೀವನಕ್ರಮಕ್ಕೆ ಎರಡು ಮುಖಗಳಿವೆ. ಆಸ್ಟ್ರೇಲಿಯದಲ್ಲಿ ಕ್ಯಾರವಾನುಗಳಲ್ಲಿ ದೇಶ ಸುತ್ತುವ ಹಿರಿಯರನ್ನು 'ಗ್ರೇ ನೋಮ್ಯಾಡ್ಸ್' ಎಂದು ಕರೆಯಲಾಗುತ್ತದೆ; ಅವರಲ್ಲಿ ಬಹುತೇಕರ ಪ್ರವಾಸ ಸ್ವಂತ ಇಚ್ಛೆಯದು. ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ನಂತರ ಮನೆ ಮತ್ತು ಉಳಿತಾಯ ಕಳೆದುಕೊಂಡ ಹಿರಿಯರು ಅನಿವಾರ್ಯವಾಗಿ ವಾಹನವಾಸಿಗಳಾಗಿ, ಹಂಗಾಮಿ ಕೂಲಿಯಿಂದ ಜೀವನ ಸಾಗಿಸಿದರು. ಜೆಸ್ಸಿಕಾ ಬ್ರೂಡರ್ ಅವರ 'ನೊಮ್ಯಾಡ್‌ಲ್ಯಾಂಡ್' (2017) ಕೃತಿ ಮತ್ತು ಅದನ್ನು ಆಧರಿಸಿದ 2020ರ ಚಲನಚಿತ್ರದ ವಸ್ತು ಇದೇ ಆಗಿದೆ.

ಭಾರತದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಕ್ಯಾರವಾನ್ ಪ್ರವಾಸ ಮತ್ತು ಕ್ಯಾರವಾನ್ ನಿಲುಗಡೆ ತಾಣಗಳ ಅಭಿವೃದ್ಧಿಗೆ ನೀತಿಯೊಂದನ್ನು ರೂಪಿಸಿದೆ. ಕೇರಳ ಸರ್ಕಾರವು 2021ರಲ್ಲಿ 'ಕೆರವಾನ್ ಕೇರಳ' ಯೋಜನೆಯನ್ನು ಪ್ರಕಟಿಸಿತು. ಭಾರತದಲ್ಲಿ ಈ ಪ್ರವಾಸ ಬಹುಮಟ್ಟಿಗೆ ಕೆಲವು ದಿನಗಳ ಬಾಡಿಗೆ ವಾಹನಗಳಿಗೆ ಸೀಮಿತವಾಗಿದ್ದು, ಪೂರ್ಣಾವಧಿಯ ವಾಹನವಾಸ ವಿರಳವಾಗಿದೆ.

ಭೂಸ್ವರೂಪ ಮತ್ತು ಋತುಮಾನ

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಇದರ ಮೂಲ ತಾಲೂಕುಗಳು. ಕನಕಗಿರಿ, ಕಾರಟಗಿ ಮತ್ತು ಕುಕನೂರು ನಂತರ ರಚನೆಯಾದವು. ಜಿಲ್ಲೆಯ ದಕ್ಷಿಣದ ಗಡಿಯಲ್ಲಿ ತುಂಗಭದ್ರಾ ನದಿ ಹರಿಯುತ್ತದೆ.

ಗಂಗಾವತಿ ಭಾಗದಲ್ಲಿ ಬೃಹತ್ ಗ್ರಾನೈಟ್ ಬಂಡೆಗಳ ಬೆಟ್ಟಗಳೂ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆಯುವ ಭತ್ತದ ಗದ್ದೆಗಳೂ ಅಕ್ಕಪಕ್ಕದಲ್ಲಿವೆ. ಯಲಬುರ್ಗಾ ಮತ್ತು ಕುಕನೂರು ಭಾಗಗಳಲ್ಲಿ ಎರೆಭೂಮಿ ವ್ಯಾಪಕವಾಗಿದ್ದು, ಕುಷ್ಟಗಿ ಭಾಗದಲ್ಲಿ ಮಸಾರಿ ನೆಲ ಹೆಚ್ಚು. ಈ ವ್ಯತ್ಯಾಸ ವಾಹನ ಪ್ರವಾಸಿಗರಿಗೆ ಮುಖ್ಯವಾದುದು. ಮಳೆ ಬಿದ್ದ ಎರೆಹೊಲದಲ್ಲಿ ಭಾರವಾದ ವಾಹನ ಹೂತುಹೋಗುತ್ತದೆ. ಮಸಾರಿ ನೆಲದಲ್ಲಿ ನೀರು ಬೇಗ ಇಂಗುತ್ತದೆ.

ಜಿಲ್ಲೆಯು ಅರೆಶುಷ್ಕ ವಲಯದಲ್ಲಿದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ತಲುಪುವುದುಂಟು. ಬಿಸಿಲಿಗೆ ಕಾದ ಬಂಡೆಗಳು ಸೂರ್ಯಾಸ್ತದ ನಂತರವೂ ಶಾಖವನ್ನು ಹೊರಸೂಸುತ್ತವೆ. ಆದ್ದರಿಂದ ಹಿರಿಯರ ಚಾರಣಕ್ಕೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಸೂಕ್ತವಾದುದು. ಸಣ್ಣ ಜಲಪಾತಗಳನ್ನು ನೋಡಲು ಮಾತ್ರ ಮಳೆಗಾಲವೇ ಬೇಕು.

ಚಾರಣ ತಾಣಗಳು

ಗಂಗಾವತಿ ಭಾಗ

ತುಂಗಭದ್ರೆಯ ಉತ್ತರ ದಂಡೆಯಲ್ಲಿರುವ ಆನೆಗೊಂದಿಯು ವಿಜಯನಗರದ ಆರಂಭಿಕ ಇತಿಹಾಸದೊಂದಿಗೆ ಸಂಬಂಧ ಹೊಂದಿರುವ ಕೋಟೆ ಊರು. ಗಗನ ಮಹಲ್, ರಂಗನಾಥ ದೇವಾಲಯ, ಹುಚ್ಚಪ್ಪಯ್ಯನ ಮಠ, ಚಿಂತಾಮಣಿ ಮತ್ತು ಪಂಪಾಸರೋವರಗಳನ್ನು ಈ ಪರಿಸರದಲ್ಲಿ ನಡೆದೇ ನೋಡಬಹುದು. ಒನಕೆ ಕಿಂಡಿಯಲ್ಲಿ ಪ್ರಾಗೈತಿಹಾಸಿಕ ಬಂಡೆ ಚಿತ್ರಗಳಿವೆ. ನದಿಯ ನಡುಗಡ್ಡೆಯಲ್ಲಿರುವ ನವಬೃಂದಾವನವು ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳ ಕ್ಷೇತ್ರವಾಗಿದ್ದು, ಅಲ್ಲಿಗೆ ದೋಣಿಯಲ್ಲಿ ಹೋಗಬೇಕಾಗುತ್ತದೆ.

ಹನುಮಂತನ ಜನ್ಮಸ್ಥಳವೆಂಬ ನಂಬಿಕೆಯಿರುವ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲುಗಳಿವೆ. ಮೊಣಕಾಲು ನೋವಿರುವವರಿಗೆ ಏರುವುದಕ್ಕಿಂತ ಇಳಿಯುವುದು ಕಷ್ಟಕರ. ಡಿಸೆಂಬರ್‌ನಲ್ಲಿ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಅಪಾರ ಸಂಖ್ಯೆಯ ಮಾಲಾಧಾರಿಗಳು ಸೇರುವುದರಿಂದ ದೊಡ್ಡ ವಾಹನಗಳ ಸಂಚಾರ ಕಠಿಣವಾಗುತ್ತದೆ.

ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿರುವ ಹಿರೇಬೆಣಕಲ್ ಭಾರತದ ಪ್ರಮುಖ ಬೃಹತ್ ಶಿಲಾಯುಗದ ನೆಲೆಗಳಲ್ಲೊಂದು. ಇಲ್ಲಿನ ಕಲ್ಲುಚಪ್ಪಡಿಗಳ ಸಮಾಧಿ ರಚನೆಗಳನ್ನು ಕ್ರಿ.ಪೂ. 800ರಿಂದ 200ರ ನಡುವಿನವು ಎಂದು ಗುರುತಿಸಲಾಗಿದೆ. ಸ್ಥಳೀಯರು ಇದನ್ನು ಮೊರ್ಯರ ಗುಡ್ಡ ಎನ್ನುತ್ತಾರೆ. ಬಡಿದರೆ ನಗಾರಿಯಂತೆ ನಾದ ಹೊರಡಿಸುವ ಬೃಹತ್ ಕಲ್ಲು ಇಲ್ಲಿದೆ. 2021ರಲ್ಲಿ ಈ ನೆಲೆಯನ್ನು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು. ಬೆಟ್ಟದ ಮೇಲಿನ ನೆಲೆಗೆ ವಾಹನ ಹೋಗುವುದಿಲ್ಲ, ಕಲ್ಲುಹಾದಿಯಲ್ಲಿ ನಡೆಯಬೇಕು.

ಸಾಣಾಪುರ, ಆನೆಗೊಂದಿ ಮತ್ತು ನದಿಯಾಚೆಯ ಹಂಪಿಯ ಬಂಡೆಗಳು ಶಿಲಾರೋಹಿಗಳಲ್ಲಿ ಪ್ರಸಿದ್ಧವಾಗಿವೆ. ಅಮೆರಿಕದ ಶಿಲಾರೋಹಿ ಕ್ರಿಸ್ ಶರ್ಮಾ ಇಲ್ಲಿನ ಬಂಡೆಗಳನ್ನು ಏರುವುದನ್ನು ಚಿತ್ರಿಸಿದ 'ಪಿಲ್ಗ್ರಿಮೇಜ್' (2003) ಸಾಕ್ಷ್ಯಚಿತ್ರ ಈ ಪ್ರಸಿದ್ಧಿಯನ್ನು ಹೆಚ್ಚಿಸಿತು.

ಕೊಪ್ಪಳ ಭಾಗ

ಕೊಪ್ಪಳವು ಪ್ರಾಚೀನ ಕಾಲದಲ್ಲಿ ಕೊಪಣ ಎಂಬ ಹೆಸರಿನ ಜೈನ ತೀರ್ಥವಾಗಿತ್ತು. 'ಕವಿರಾಜಮಾರ್ಗ'ದಲ್ಲಿಯೂ ಈ ಊರಿನ ಉಲ್ಲೇಖವಿದೆ. ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕನ ಕಿರುಶಾಸನಗಳಿವೆ. ಎರಡೂ ಊರಿಗೆ ಸಮೀಪದಲ್ಲಿರುವುದರಿಂದ ಒಂದೇ ಬೆಳಗಿನ ನಡಿಗೆಯಲ್ಲಿ ನೋಡಲು ಸಾಧ್ಯ. ಕೊಪ್ಪಳದ ಕೋಟೆಯನ್ನು ಟಿಪ್ಪು ಸುಲ್ತಾನನು 1786ರಲ್ಲಿ ವಶಪಡಿಸಿಕೊಂಡು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದನು. 1858ರಲ್ಲಿ ಮುಂಡರಗಿ ಭೀಮರಾಯನು ಬ್ರಿಟಿಷರ ವಿರುದ್ಧ ಇದೇ ಕೋಟೆಯಲ್ಲಿ ಹೋರಾಡಿ ಮಡಿದನು. ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳ ಗ್ರಾಮ ಕೊಪ್ಪಳ ತಾಲೂಕಿನಲ್ಲಿದೆ.

ಯಲಬುರ್ಗಾ ಮತ್ತು ಕುಕನೂರು ಭಾಗ

ಇಲ್ಲಿ ಬೆಟ್ಟ ಏರುವುದಕ್ಕಿಂತ ಬಯಲಿನ ನಡಿಗೆ ಹೆಚ್ಚು. ಇಟಗಿಯ ಮಹಾದೇವ ದೇವಾಲಯವನ್ನು ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದನು. ಅಲ್ಲಿನ ಶಾಸನವು ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಕುಕನೂರಿನಲ್ಲಿ ನವಲಿಂಗ ದೇವಾಲಯ ಸಮೂಹ ಮತ್ತು ಮಹಾಮಾಯಾ ದೇವಾಲಯಗಳಿವೆ. ಏರಿಳಿತಗಳಿಲ್ಲದ ಕಾರಣ ಬೆಟ್ಟ ಹತ್ತಲಾಗದ ಹಿರಿಯರಿಗೆ ಈ ಭಾಗ ಹೆಚ್ಚು ಅನುಕೂಲಕರ.

ಕುಷ್ಟಗಿ ಭಾಗ

ಕುಷ್ಟಗಿ ತಾಲೂಕಿನ ಕಬ್ಬರಗಿ ಬಳಿಯ ಕಪಿಲತೀರ್ಥವು ಮಳೆಗಾಲದಲ್ಲಿ ಮೈದುಂಬುವ ಜಲಪಾತ. ಬೇಸಿಗೆಯಲ್ಲಿ ನೀರು ಕ್ಷೀಣಿಸುತ್ತದೆ. ವಿಜಯಪುರ, ಹೊಸಪೇಟೆ ಮತ್ತು ಚಿತ್ರದುರ್ಗಗಳನ್ನು ಸೇರಿಸುವ ರಾಷ್ಟ್ರೀಯ ಹೆದ್ದಾರಿ 50 ಕುಷ್ಟಗಿಯ ಮೂಲಕ ಹಾದುಹೋಗುತ್ತದೆ. ಹುಬ್ಬಳ್ಳಿ, ಗದಗ ಮತ್ತು ಹೊಸಪೇಟೆಗಳ ನಡುವಿನ ಹೆದ್ದಾರಿ 67 ಕೊಪ್ಪಳವನ್ನು ಮುಟ್ಟುತ್ತದೆ. ಬಾದಾಮಿ, ಐಹೊಳೆ ಮತ್ತು ಪಟ್ಟದಕಲ್ಲುಗಳ ಕಡೆಯಿಂದ ಹಂಪಿಗೆ ಸಾಗುವವರಿಗೆ ಕುಷ್ಟಗಿ ನಡುದಾರಿಯ ತಂಗುದಾಣವಾಗಬಲ್ಲದು.

ರಾತ್ರಿ ವಾಸ್ತವ್ಯ ಮತ್ತು ಕಾನೂನು

ಆನೆಗೊಂದಿ ಮತ್ತು ಸುತ್ತಲಿನ ಹಲವು ಗ್ರಾಮಗಳು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿವೆ. ಈ ಪ್ರಾಧಿಕಾರದ ರಚನೆಗೆ 2002ರ ಕಾಯ್ದೆ ಆಧಾರವಾಗಿದೆ. ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ ಮತ್ತು ಅದರಾಚೆಯ 200 ಮೀಟರ್ ನಿಯಂತ್ರಿತ ವಲಯದಲ್ಲಿ ಕಟ್ಟಡ ನಿರ್ಮಾಣಕ್ಕೆ ನಿರ್ಬಂಧವಿದೆ. ಗಂಗಾವತಿ ತಾಲೂಕಿನ ವಿರೂಪಾಪುರ ಗಡ್ಡಿಯಲ್ಲಿ ಬೆಳೆದಿದ್ದ ರೆಸಾರ್ಟುಗಳು ಮತ್ತು ಹೋಟೆಲುಗಳ ಕುರಿತ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ತೆರವು ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಕಟ್ಟಡಗಳನ್ನು ಕೆಡವಲಾಯಿತು. ವಿದೇಶಿ ಪ್ರವಾಸಿಗರ ಬಹುಕಾಲದ ತಂಗುದಾಣವೊಂದು ಇದರೊಂದಿಗೆ ಕೊನೆಗೊಂಡಿತು. ಅಲ್ಲಿನ ವಹಿವಾಟನ್ನು ನಂಬಿದ್ದ ಕುಟುಂಬಗಳ ಜೀವನೋಪಾಯಕ್ಕೂ ಪೆಟ್ಟು ಬಿತ್ತು.

ಈ ಕಾರಣಗಳಿಂದ ಬಂಡೆಗಳ ನಡುವೆ ಅಥವಾ ಸ್ಮಾರಕದ ಬಳಿ ಇಚ್ಛೆಬಂದಲ್ಲಿ ಡೇರೆ ಹಾಕುವುದು ಸಾಧ್ಯವಿಲ್ಲ. ಅರಣ್ಯ ಪ್ರದೇಶದಲ್ಲಿ ತಂಗಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಅನುಮತಿ ಪಡೆದ ಹೋಮ್‌ಸ್ಟೇಗಳ ಅಂಗಳ, ವಸತಿಗೃಹಗಳ ಆವರಣ, ಮಠಗಳ ಯಾತ್ರಿನಿವಾಸ ಮತ್ತು ಮಾಲೀಕರ ಒಪ್ಪಿಗೆಯಿರುವ ಖಾಸಗಿ ಜಮೀನು ವಾಹನ ನಿಲ್ಲಿಸಿ ತಂಗಲು ಇರುವ ದಾರಿಗಳು. ಹೊಲದ ಬದುವಿನಲ್ಲಿ ನಿಲ್ಲುವ ಮೊದಲು ರೈತರನ್ನು ಕೇಳುವುದು ಕುರಿಗಾರರೂ ಪಾಲಿಸುವ ನಿಯಮವಾಗಿದೆ.

ಸುರಕ್ಷತೆ

2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಬಳಿ ಕಾಲುವೆಯ ದಡದಲ್ಲಿದ್ದ ಪ್ರವಾಸಿಗರು ಮತ್ತು ಅವರ ಜೊತೆಗಿದ್ದ ಹೋಮ್‌ಸ್ಟೇ ನಿರ್ವಾಹಕಿಯ ಮೇಲೆ ದಾಳಿ ನಡೆಯಿತು. ವಿದೇಶಿ ಪ್ರವಾಸಿಯೂ ಸೇರಿ ಇಬ್ಬರು ಮಹಿಳೆಯರು ಅತ್ಯಾಚಾರಕ್ಕೊಳಗಾದರು. ಕಾಲುವೆಗೆ ತಳ್ಳಲ್ಪಟ್ಟ ಮೂವರು ಪುರುಷರಲ್ಲಿ ಒಬ್ಬರು ಮೃತಪಟ್ಟರು. ಈ ಘಟನೆಯು ನಿರ್ಜನ ಸ್ಥಳಗಳಲ್ಲಿನ ರಾತ್ರಿ ವಾಸ್ತವ್ಯ ಮತ್ತು ಪ್ರವಾಸಿಗರ ರಕ್ಷಣೆಯ ಪ್ರಶ್ನೆಯನ್ನು ಮುನ್ನೆಲೆಗೆ ತಂದಿತು.

ನದಿ ಮತ್ತೊಂದು ಅಪಾಯದ ಮೂಲ. ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೆಳಭಾಗದ ಮಟ್ಟ ಬೇಗನೆ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ ನದಿಗೆ ಭಾರೀ ಪ್ರಮಾಣದ ನೀರು ಹರಿದಿತ್ತು. ನದಿಪಾತ್ರದ ಮರಳು ಮತ್ತು ಬಂಡೆಗಳ ಮೇಲೆ ರಾತ್ರಿ ಕಳೆಯುವುದು ಆದ್ದರಿಂದ ಅಪಾಯಕಾರಿ. ಬಂಡೆಗಳ ನಡುವಿನ ಸುಳಿಗಳು ಈಜು ಬಲ್ಲವರಿಗೂ ಮಾರಕವಾಗಬಲ್ಲವು.

ಗಂಗಾವತಿ ಭಾಗದ ಬೆಟ್ಟಗಳಲ್ಲಿ ಚಿರತೆ ಮತ್ತು ಕರಡಿಗಳಿವೆ. ತಾಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರ್ ವಿಸ್ತೀರ್ಣದ ತೋಳಧಾಮವಿದೆ. ಕರಡಿಗಳು ಮುಸ್ಸಂಜೆ ಮತ್ತು ನಸುಕಿನಲ್ಲಿ ಹೆಚ್ಚು ಸಂಚರಿಸುವುದರಿಂದ ಆ ವೇಳೆಯ ಒಂಟಿ ನಡಿಗೆ ಸೂಕ್ತವಲ್ಲ. ತುರ್ತು ನೆರವಿಗೆ 112 ಮತ್ತು ಆಂಬುಲೆನ್ಸ್‌ಗೆ 108 ಸಂಖ್ಯೆಗಳಿವೆ. ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ನಿವೃತ್ತರಿಗೆ ಸಂಬಂಧಿಸಿದ ಅಂಶಗಳು

ವಾಹನ ಮತ್ತು ಪರವಾನಗಿ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ರಚನೆಯನ್ನು ಮಾಲೀಕರು ಇಷ್ಟದಂತೆ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಹಳೆಯ ವ್ಯಾನನ್ನು ಮನೆಯಾಗಿ ಪರಿವರ್ತಿಸುವ ಮುನ್ನ ಸಾರಿಗೆ ಇಲಾಖೆಯ ಒಪ್ಪಿಗೆ ಬೇಕು. ಲಘು ಮೋಟಾರು ವಾಹನದ ತೂಕದ ಮಿತಿ 7,500 ಕಿ.ಗ್ರಾಂ. 55 ವರ್ಷ ದಾಟಿದವರಿಗೆ ಚಾಲನಾ ಪರವಾನಗಿಯನ್ನು ಐದೈದು ವರ್ಷಕ್ಕೆ ನವೀಕರಿಸಲಾಗುತ್ತದೆ. ಇದಕ್ಕೆ ವೈದ್ಯಕೀಯ ಪ್ರಮಾಣಪತ್ರ ಅಗತ್ಯ. ದಂಪತಿಗಳಲ್ಲಿ ಒಬ್ಬರಷ್ಟೇ ಚಾಲನೆ ಬಲ್ಲವರಾಗಿದ್ದರೆ ಅವರ ಅನಾರೋಗ್ಯ ಇಡೀ ಪ್ರವಾಸವನ್ನು ನಿಲ್ಲಿಸುತ್ತದೆ.

ಪಿಂಚಣಿ ಮತ್ತು ವಿಳಾಸ: ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿವರ್ಷ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. 2014ರ ನವೆಂಬರ್‌ನಲ್ಲಿ ಆರಂಭವಾದ 'ಜೀವನ್ ಪ್ರಮಾಣ್' ವ್ಯವಸ್ಥೆಯಿಂದ ಇದನ್ನು ಊರಿಗೆ ಮರಳದೆ ಆನ್‌ಲೈನ್‌ನಲ್ಲಿಯೇ ಸಲ್ಲಿಸಲು ಸಾಧ್ಯವಾಗಿದೆ. ಮತದಾರರ ಪಟ್ಟಿ, ಪಡಿತರ ಚೀಟಿ ಮೊದಲಾದವು ಸ್ಥಿರ ವಿಳಾಸವನ್ನು ಅವಲಂಬಿಸಿರುವುದರಿಂದ ಮನೆಯನ್ನು ಸಂಪೂರ್ಣ ಬಿಟ್ಟುಕೊಡುವುದು ಭಾರತದಲ್ಲಿ ಸುಲಭವಲ್ಲ.

ಆಹಾರ ಮತ್ತು ನೀರು: ಈ ಭಾಗದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮತ್ತು ಗುರೆಳ್ಳು ಪುಡಿ ಹಲವು ದಿನ ಕೆಡದೆ ಉಳಿಯುವುದರಿಂದ ಪ್ರಯಾಣಕ್ಕೆ ಒದಗುತ್ತವೆ. ಬೇಸಿಗೆಯಲ್ಲಿ ಹಳ್ಳಿಗಳಿಗೇ ಕುಡಿಯುವ ನೀರಿನ ಅಭಾವ ಉಂಟಾಗುವುದುಂಟು. ವಾಹನದ ತೊಟ್ಟಿಯನ್ನು ಊರಿನ ಸಾರ್ವಜನಿಕ ನಲ್ಲಿಯಿಂದ ತುಂಬಿಸಿಕೊಳ್ಳುವುದು ಆಗ ಸ್ಥಳೀಯರ ಪಾಲಿನ ನೀರನ್ನೇ ತೆಗೆದುಕೊಂಡಂತಾಗುತ್ತದೆ. ತ್ಯಾಜ್ಯ ನೀರನ್ನು ಕಾಲುವೆ ಅಥವಾ ಕೆರೆಗೆ ಬಿಡುವುದರಿಂದ ಗದ್ದೆಗೂ ಜಾನುವಾರುಗಳಿಗೂ ಹಾನಿಯಾಗುತ್ತದೆ.

ಸಾಮಾಜಿಕ ಆಯಾಮ

ಭಾರತೀಯ ಆಶ್ರಮಧರ್ಮದ ಕಲ್ಪನೆಯಲ್ಲಿ ಗೃಹಸ್ಥಾಶ್ರಮದ ನಂತರ ಬರುವ ವಾನಪ್ರಸ್ಥದಲ್ಲಿ ದಂಪತಿಗಳು ಒಟ್ಟಾಗಿ ಮನೆ ತೊರೆಯಲು ಅವಕಾಶವಿದೆ. ಆದರೂ ಕೂಡುಕುಟುಂಬದ ಪದ್ಧತಿಯಲ್ಲಿ ಹಿರಿಯರಿಗೆ ಮೊಮ್ಮಕ್ಕಳ ಪಾಲನೆ, ಹೊಲಮನೆಯ ಉಸ್ತುವಾರಿ ಮತ್ತು ಬಂಧುಗಳ ಶುಭಾಶುಭ ಕಾರ್ಯಗಳ ಹೊಣೆ ನಿವೃತ್ತಿಯ ನಂತರವೂ ಮುಂದುವರಿಯುತ್ತದೆ. ಹೀಗಾಗಿ ಹಿರಿಯರ ದೀರ್ಘ ಪ್ರವಾಸ ಇಲ್ಲಿ ಹೆಚ್ಚಾಗಿ ತೀರ್ಥಯಾತ್ರೆಯ ರೂಪದಲ್ಲಿ ನಡೆದುಬಂದಿದೆ. ಕೊಪ್ಪಳ ಜಿಲ್ಲೆಯ ತಾಣಗಳಲ್ಲಿ ಶಾಸನ, ಸಮಾಧಿ, ಕೋಟೆ ಮತ್ತು ದೇವಾಲಯಗಳು ಒಂದೇ ದಾರಿಯಲ್ಲಿ ಸಿಗುವುದರಿಂದ ಯಾತ್ರೆ ಮತ್ತು ಚಾರಣಗಳ ನಡುವಿನ ಅಂತರ ಕಡಿಮೆಯಾಗಿದೆ. ಹಗಲು ನಡೆದು, ರಾತ್ರಿಗೆ ಊರಿನ ಆಸರೆ ಪಡೆಯುವ ಯಾತ್ರಿಕರ ಹಳೆಯ ಕ್ರಮವೇ ಇಂದಿನ ಕಾನೂನು ಮತ್ತು ಸುರಕ್ಷತೆಯ ಅಗತ್ಯಗಳಿಗೂ ಹೊಂದಿಕೆಯಾಗುತ್ತದೆ.