ಮಗನ ಪ್ರಶ್ನೆ, ಮನೆಯ ಉತ್ತರ

ಹದಿಹರೆಯದ ಮಗ ತಂದೆಗೆ ಎದುರು ಮಾತನಾಡಿದರೆ ಅದು ಉದ್ಧಟತನವೋ, ಆತ್ಮಗೌರವದ ಮೊಳಕೆಯೋ? ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಗೆ ಇದು ಹೊಸ ಪ್ರಶ್ನೆಯಲ್ಲ.

ಹನ್ನೆರಡನೆಯ ಶತಮಾನದಲ್ಲಿ ಮಾದರಸ, ಮಾದಲಾಂಬಿಕೆಯರ ಮಗನಾಗಿ ಹುಟ್ಟಿದ ಬಸವಣ್ಣನವರ ಎಳವೆಯನ್ನು ಕವಿಗಳು ಎರಡು ಬಗೆಯಾಗಿ ಚಿತ್ರಿಸಿದ್ದಾರೆ. 1369ರಲ್ಲಿ ಭೀಮಕವಿ ರಚಿಸಿದ ಬಸವಪುರಾಣದಲ್ಲಿ ಬಾಲಕನು ಉಪನಯನ ಬೇಡವೆನ್ನುತ್ತಾನೆ. ತಂದೆ ಕುಲಾಚಾರ ಬಿಡಲೊಪ್ಪುವುದಿಲ್ಲ. ವಾದ ಬೆಳೆದು ಮಗ ಮನೆ ಬಿಡುತ್ತಾನೆ. ಅಕ್ಕ ನಾಗಲಾಂಬಿಕೆ ಅವನ ಜೊತೆ ನಿಲ್ಲುತ್ತಾಳೆ. ಇದಕ್ಕಿಂತ ಹಳೆಯದಾದ ಹರಿಹರನ ಬಸವರಾಜದೇವರ ರಗಳೆಯಲ್ಲಿ ಈ ಜಗಳವೇ ಇಲ್ಲ. ಅಲ್ಲಿ ತಂದೆತಾಯಿ ಬೇಗ ತೀರಿಕೊಳ್ಳುತ್ತಾರೆ, ಮಗುವನ್ನು ಅಜ್ಜಿ ಸಾಕುತ್ತಾಳೆ. ಉಪನಯನವಾಗಿದ್ದ ಹುಡುಗ ಬೆಳೆದ ಮೇಲೆ ತಾನೇ ಜನಿವಾರ ತೊರೆದು ಕಪ್ಪಡಿಸಂಗಮಕ್ಕೆ ಹೋಗುತ್ತಾನೆ. ಈಶಾನ್ಯಗುರು ಅವನನ್ನು ಆದರಿಸುತ್ತಾನೆ.

ಯಾವುದು ಇತಿಹಾಸಕ್ಕೆ ಹತ್ತಿರ ಎಂಬುದು ವಿದ್ವಾಂಸರ ಚರ್ಚೆ. ಆದರೆ ಎರಡರಲ್ಲೂ ಹುಡುಗನನ್ನು ನಂಬಿದ ಹಿರಿಯರೊಬ್ಬರಿದ್ದಾರೆ: ಒಂದರಲ್ಲಿ ಅಕ್ಕ, ಇನ್ನೊಂದರಲ್ಲಿ ಗುರು.

ಮನೋವಿಜ್ಞಾನ ಈ ಸಂಗತಿಯನ್ನು ಗುರುತಿಸಿದ್ದು ಬಹಳ ತಡವಾಗಿ. 1959ರಲ್ಲಿ ಅಮೆರಿಕದ ರೋಸನ್ ಮತ್ತು ಡಿ'ಆಂಡ್ರಾಡೆ ನಲವತ್ತು ಹುಡುಗರಿಗೆ ಕೆಲವು ಕೆಲಸ ಕೊಟ್ಟು, ತಂದೆತಾಯಿಯರನ್ನು ಪಕ್ಕದಲ್ಲಿ ಕೂರಿಸಿದರು. ಒಂದು ಕೆಲಸದಲ್ಲಿ ಕಣ್ಣು ಕಟ್ಟಿಸಿಕೊಂಡು ಅಂಕುಡೊಂಕಾದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕಿತ್ತು. ಸಾಧನೆಯ ಹಂಬಲ ಹೆಚ್ಚಿದ್ದ ಹುಡುಗರ ಹೆತ್ತವರು ಮಕ್ಕಳಿಂದ ಹೆಚ್ಚು ನಿರೀಕ್ಷಿಸಿದರು, ಪ್ರೀತಿಯಿಂದ ಹುರಿದುಂಬಿಸಿದರು. ಹಂಬಲ ಕಡಿಮೆಯಿದ್ದವರ ತಂದೆಯರು ಹೆಜ್ಜೆಹೆಜ್ಜೆಗೂ ಅಪ್ಪಣೆ ಕೊಡುವುದು ಹೆಚ್ಚಾಗಿತ್ತು.

1960ರ ದಶಕದಲ್ಲಿ ಡಯಾನಾ ಬಾಮ್ರಿಂಡ್ ಪಾಲನೆಯಲ್ಲಿ ಮೂರು ಬಗೆ ಗುರುತಿಸಿದರು: ಕಾರಣ ಹೇಳದೆ ಆಳುವುದು, ಕೇಳಿದ್ದಕ್ಕೆಲ್ಲ ಒಪ್ಪುವುದು, ನಿಯಮವಿಟ್ಟು ಅದರ ಕಾರಣವನ್ನೂ ಹೇಳುವುದು. ಮೂರನೆಯ ಬಗೆಯ ಮನೆಗಳ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚು ಎಂದು ಮುಂದಿನ ಅನೇಕ ಅಧ್ಯಯನಗಳು ಕಂಡವು. 1983ರಲ್ಲಿ ಮೆಕಾಬಿ ಮತ್ತು ಮಾರ್ಟಿನ್ ಮಗುವಿನತ್ತ ಲಕ್ಷ್ಯವೇ ಕೊಡದ ನಾಲ್ಕನೆಯ ಬಗೆಯನ್ನು ಸೇರಿಸಿದರು. ಎಲ್ಲ ಸಮಾಜಗಳಿಗೂ ಇದೇ ಅಳತೆಗೋಲು ಹೊಂದದು ನಿಜ. ಕೆಲವೆಡೆ ಗದರಿಕೆಯನ್ನೂ ಮಕ್ಕಳು ಅಕ್ಕರೆಯೆಂದೇ ತಿಳಿಯುತ್ತಾರೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಹಳ್ಳಿಗಳಿಗೆ ಈ ಮಾತು ಬರಿಯ ಪಾಠವಲ್ಲ. ಮಳೆ ಕೈಕೊಟ್ಟರೆ ಮಹಾರಾಷ್ಟ್ರ, ಗೋವಾಗಳಿಗೆ ದುಡಿಯಲು ಹೋಗುವ ತಂದೆತಾಯಿಯರು ಮಕ್ಕಳನ್ನು ಅಜ್ಜಿಯ ಮಡಿಲಿಗೆ ಒಪ್ಪಿಸುವುದುಂಟು. ದೂರವಿರುವುದು ಅಲಕ್ಷ್ಯವಲ್ಲ; ಜೊತೆಗಿದ್ದೂ ಮಾತು ಕೇಳದಿರುವುದು ಅಲಕ್ಷ್ಯ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂದ ದಿನ ಮನೆಯಲ್ಲಿ ಮೊದಲು ಕೇಳಿಬರುವುದು ಬೈಗುಳವೋ, 'ಎಲ್ಲಿ ತೊಡಕಾಯ್ತವ್ವಾ?' ಎಂಬ ಪ್ರಶ್ನೆಯೋ? ಮಗಳು ಮತ್ತೆ ಪರೀಕ್ಷೆಗೆ ಕೂರುವಳೋ, ಶಾಲೆ ಬಿಡುವಳೋ ಎಂಬುದು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ.

ಬಾಗೇವಾಡಿಯ ಹುಡುಗನಿಗೆ ಅಕ್ಕನೋ ಗುರುವೋ ಸಿಕ್ಕರು. ಎಲ್ಲ ಮಕ್ಕಳಿಗೂ ಹಾಗೆ ಸಿಗಲಾರರು. ಆ ಕೆಲಸ ಮನೆಯದೇ.